ದಮ್ಮಿನ ಪಂಪು, ನಮ್ಮ ಮೂಳೆ

ಅಕ್ಕಂದಿರೇ, ಶೇಂಗಾ ಬಿಡಿಸುವ ಕಾಲ ಬಂತೆಂದರೆ ನಮ್ಮ ಬಿ.ಜಿ. ಕೆರೆ ಸೀಮೆಯಲ್ಲಿ ಧೂಳೋ ಧೂಳು. ದಮ್ಮು ಇದ್ದವರಿಗೆ ಆ ಧೂಳು ಆಗಿಬರಲ್ಲ. ಒಲೆಯ ಹೊಗೆಯೂ ಆಗಲ್ಲ. ಡಾಕ್ಟರು ಇಂಥವರಿಗೆ ದಿನಾ ಎಳೆಯಲು ಇನ್ಹೇಲರ್ ಕೊಡುತ್ತಾರೆ. ನಾವು ಅದನ್ನು ಪಂಪು ಎನ್ನುತ್ತೇವೆ. ದಿನಾ ಎಳೆಯುವ ಪಂಪಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಅದು ಉಸಿರುನಾಳದ ಬಾವು ಇಳಿಸುತ್ತದೆ.

“ಸ್ಟೀರಾಯ್ಡ್ ಮೂಳೆ ತಿನ್ನುತ್ತಂತೆ ಮೇಷ್ಟ್ರೇ, ಅದಕ್ಕೇ ಪಂಪು ಬಿಟ್ಟುಬಿಟ್ಟೆ” ಎಂದರು ಒಬ್ಬ ಅಕ್ಕ. ಮಾತು ಅರ್ಧ ನಿಜ. ಬಿಟ್ಟದ್ದು ಮಾತ್ರ ಸರಿಯಲ್ಲ.

ಮೂಳೆ ಕಲ್ಲಲ್ಲ. ಹಳೆಯದು ಸವೆಯುತ್ತದೆ, ಹೊಸದು ಕಟ್ಟುತ್ತದೆ. ಸ್ಟೀರಾಯ್ಡ್ ಹೆಚ್ಚಾದರೆ ಕಟ್ಟುವ ಕೆಲಸ ತಗ್ಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಸವೆತ ಇನ್ನೂ ಜಾಸ್ತಿ. ಮೂಳೆ ಟೊಳ್ಳಾಗುವಾಗ ನೋವು ಕಾಣಲ್ಲ. ಬಚ್ಚಲಲ್ಲಿ ಜಾರಿದ ದಿನ ಸೊಂಟವೋ ಮಣಿಕಟ್ಟೋ ಮುರಿದಾಗಲೇ ಗೊತ್ತಾಗೋದು.

ಆದರೆ ಅಳತೆ ನೋಡಿ. ಪಂಪಿನ ಔಷಧಿಯನ್ನು ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ, ಮಾತ್ರೆಯನ್ನು ಮಿಲಿಗ್ರಾಂನಲ್ಲಿ. 1,000 ಮೈಕ್ರೋಗ್ರಾಂ ಸೇರಿದರೆ 1 ಮಿಲಿಗ್ರಾಂ. ಪಂಪಿನ ಔಷಧಿ ನೇರ ಎದೆಗೆ ಹೋಗುತ್ತದೆ. ಮಾತ್ರೆ ರಕ್ತದಲ್ಲಿ ಸೇರಿ ಮೈಗೆಲ್ಲಾ ಹರಡುತ್ತದೆ. ಪಂಪು ಬಿಟ್ಟರೆ ದಮ್ಮು ಕೆರಳುತ್ತದೆ. ಆಗ ಸ್ಟೀರಾಯ್ಡ್ ಮಾತ್ರೆಯೇ ಗತಿ. ಹೀಗೆ ಮತ್ತೆ ಮತ್ತೆ ನುಂಗಿದರೆ ಮೂಳೆಗೆ ಪೆಟ್ಟು ಹೆಚ್ಚು. ಸಂತೆಯಲ್ಲಿ ಮಾರುವ ಹೆಸರಿಲ್ಲದ ದಮ್ಮಿನ ಪುಡಿಯಲ್ಲೂ ಸ್ಟೀರಾಯ್ಡ್ ಬೆರೆತಿರಬಹುದು. ಅದರ ಅಳತೆ ಯಾರಿಗೆ ಗೊತ್ತು?

ಪಂಪಿನ ಅಳತೆ ಹೆಚ್ಚಿದ್ದು, ವರ್ಷಗಟ್ಟಲೆ ಎಳೆಯುತ್ತಿದ್ದರೆ ಡಾಕ್ಟರನ್ನು ಕೇಳಿ: “ದಮ್ಮು ಹತೋಟಿಯಲ್ಲಿದೆ, ಅಳತೆ ಇಳಿಸಬಹುದಾ? ಮೂಳೆ ಪರೀಕ್ಷೆ ಬೇಕಾ?” ನೀವಾಗಿಯೇ ಇಳಿಸಬೇಡಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಮೂಳೆಗೆ ಸುಣ್ಣದಂಶ ಬೇಕು. ಎಲೆಅಡಿಕೆ ಸುಣ್ಣವಲ್ಲ, ಊಟದ್ದು! ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ. ಅಷ್ಟೇ ಅಕ್ಕಿಯಲ್ಲಿ 10ರ ಆಸುಪಾಸು. ನಮ್ಮ ಮನೆಗಳಲ್ಲಿ ಈಗ ಎರಡು ಹೊತ್ತೂ ಅನ್ನ, ಮುದ್ದೆ ಅಪರೂಪ. ಒಂದು ದೊಡ್ಡ ಲೋಟ ಹಾಲಿನಲ್ಲಿ 240ರಷ್ಟು ಸಿಗುತ್ತದೆ. ಹಾಲೆಲ್ಲಾ ಡೈರಿಗೆ ಹಾಕಿದರೆ ಮನೆ ಹೆಂಗಸಿಗೆ ಉಳಿಯೋದೇನು? ನುಗ್ಗೆಸೊಪ್ಪು, ಎಳ್ಳು ಕೂಡ ಒಳ್ಳೆಯದು. ಮೈಗೆ ಬಿಸಿಲು ಬೀಳಲಿ, ನಡಿಗೆ ಇರಲಿ.

ಓದಿ, ಬರೆಯಿರಿ:
1. ಮೂಳೆ, ಮಾತ್ರೆ, ರಾಗಿ, ಅಳತೆ.
2. 200 ಗ್ರಾಂ ರಾಗಿಹಿಟ್ಟಿನಲ್ಲಿ ಸುಣ್ಣದಂಶ ಎಷ್ಟು?
3. ನಿಮ್ಮ ಮನೆಯ ಪಂಪಿನ ಮೇಲೆ ಯಾವ ಸಂಖ್ಯೆ ಇದೆ? ........ ಮೈಕ್ರೋಗ್ರಾಂ.