ರಾತ್ರಿ ಮೂರರ ಮೆಸೇಜಿಗೆ ಉತ್ತರ

ಪುಟ್ಟಿ,

ಮೊನ್ನೆ ನೀನು ಕಳಿಸಿದ ವಾಟ್ಸಾಪ್ ಮೆಸೇಜನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದೆ. "ಅತ್ತೆ, ನಿದ್ದೆಗೆ ಯಾವ ಮಾತ್ರೆ ತಗೋತಿದ್ರಿ ನೀವು? ಹೆಸರು ಕಳಿಸಿ." ಪಕ್ಕದಲ್ಲಿದ್ದ ಸಮಯ 2.52. ಮಾತ್ರೆಯ ಹೆಸರು ಕಳಿಸುವುದಿಲ್ಲ. ಉತ್ತರ ಫೋನಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕದಲ್ಲ, ಅದಕ್ಕೇ ಕಾಗದ. ನಮ್ಮ ದೇಶದಲ್ಲಿ ನಿನ್ನ, ನನ್ನ ಹಾಗೆ ಸಕ್ಕರೆ ಕಾಯಿಲೆ ಇರುವವರು ಹತ್ತು ಕೋಟಿಗೂ ಹೆಚ್ಚು ಎಂದು 2023ರಲ್ಲಿ ಐಸಿಎಂಆರ್ ಸಮೀಕ್ಷೆ ಹೇಳಿತಲ್ಲ, ಆ ಹೊತ್ತಿನಲ್ಲಿ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದವಳು ನೀನೊಬ್ಬಳೇ ಆಗಿರಲಾರೆ. ಹಾಗಾಗಿ ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ. ಪುಟ್ಟಿ ಅನ್ನುವವಳು ನಮ್ಮ ಕಡೆ ಮನೆಗೊಬ್ಬಳು ಇರುತ್ತಾಳೆ.

ಮಾತ್ರೆಯ ಕಥೆ ಮೊದಲು ಮುಗಿಸಿಬಿಡುತ್ತೇನೆ. ಬ್ಯಾಂಕಿನ ಕ್ಯಾಶ್ ಕೌಂಟರಿನಿಂದ ರಿಟೈರ್ ಆಗಿ ಒಂದೆರಡು ವರ್ಷಕ್ಕೆ, ನಿನ್ನ ಮಾವ ಹೋದ ಮೇಲೆ, ನನಗೆ ನಿದ್ದೆ ಕೆಟ್ಟಿತು. ಬರೆಸಿಕೊಂಡ ಮಾತ್ರೆ ಎರಡು ವಾರ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಅರ್ಧ ಇದ್ದದ್ದು ಒಂದಾಯಿತು. ಒಂದು ರಾತ್ರಿ ಬಚ್ಚಲಿಗೆ ಹೋದವಳು ಮಂಪರಿನಲ್ಲಿ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕುತ್ತಾ, "ಈ ಮಾತ್ರೆ ನಿಲ್ಲಿಸೋ ದಾರಿ ನೋಡಿ, ಆದ್ರೆ ದಿಢೀರ್ ಅಂತ ಬಿಡಬೇಡಿ" ಅಂದರು. ಆಸ್ಪತ್ರೆಯವರೇ ವಾರವಾರ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ನೀನೂ ಯಾರದೋ ಮಾತು ಕೇಳಿ ಹಿಡಿಯಬೇಡ, ಹಿಡಿದಿದ್ದರೆ ಯಾರದೋ ಮಾತು ಕೇಳಿ ಬಿಡಬೇಡ.

ಆ ಡಾಕ್ಟರೇ ಕಳಿಸಿದ್ದು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಬೆಂಚಿನ ಮೂಲೆಯಲ್ಲಿ ಕೂತೆ. ಪಕ್ಕದಲ್ಲಿದ್ದ ಹೆಂಗಸು ಐದೇ ನಿಮಿಷಕ್ಕೆ, "ಕ್ಯಾಶಿಯರ್ ಮೇಡಂ ಅಲ್ವಾ? ನಂದೂ ನಿದ್ದೆದೇ" ಅಂದಳು. ಸೆರಗು ಇಳಿಸಿದೆ. ಹಿಂದೆ ನಿಮ್ಹಾನ್ಸಿನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತಂತೆ. ನಮ್ಮ ನೆಲದಲ್ಲೇ ಹುಟ್ಟಿದ ಸೌಲಭ್ಯಕ್ಕೆ ನಾವೇ ಮುಖ ಮುಚ್ಚಿಕೊಂಡು ಹೋಗುತ್ತೇವೆ ನೋಡು.

ಒಳಗಿದ್ದ ಸೈಕಾಲಜಿಸ್ಟ್ ನಿನಗಿಂತ ಚಿಕ್ಕ ಹುಡುಗಿ. ನಿದ್ದೆಗೆ ಅಂತಲೇ ಮಾತಿನ ಚಿಕಿತ್ಸೆ ಇದೆ, ಸಿಬಿಟಿ-ಐ ಅನ್ನುತ್ತಾರೆ, ಆರು ಸಲ ಬರಬೇಕು ಅಂದಳು. ಬರೀ ಮಾತಾಡಿದರೆ ನಿದ್ದೆ ಬರುವುದಾದರೆ ನಮ್ಮ ಬೀದಿಯಲ್ಲಿ ಎಲ್ಲರೂ ಕುಂಭಕರ್ಣರಾಗಬೇಕಿತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆಯಿಲ್ಲದೆ ಮೂರು ತಿಂಗಳು ಕಳೆದವರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಆದರೆ ಆ ಹುಡುಗಿ ಮೊದಲ ದಿನ ಚಿಕಿತ್ಸೆ ಶುರುವೇ ಮಾಡಲಿಲ್ಲ. "ಶುಗರ್ ಇದೆ ಅಂತೀರಾ. ರಾತ್ರಿ ಎಷ್ಟು ಸಲ ಒಂದಕ್ಕೆ ಏಳ್ತೀರಾ?" ನಾಲ್ಕು ಸಲ ಅಂದೆ. "ಹಾಗಾದ್ರೆ ಮೂರು ರಾತ್ರಿ, ಎದ್ದಾಗ ಬೆರಳು ಚುಚ್ಚಿ ನೋಡಿ ಬರ್ಕೊಂಡು ಬನ್ನಿ." ರಾತ್ರಿ ಮೂರಕ್ಕೆ ಅಡುಗೆಮನೆ ದೀಪ ಹಾಕಿ, ಕನ್ನಡಕ ಹುಡುಕಿ, ಸ್ಟ್ರಿಪ್ಪಿಗೆ ರಕ್ತದ ಹನಿ ತಾಗಿಸಿದರೆ ಮೀಟರಿನಲ್ಲಿ 236. ರಕ್ತದ ಸಕ್ಕರೆ 180 ದಾಟಿತೆಂದರೆ ಮೂತ್ರಕ್ಕೆ ಸೋರಲು ಶುರುವಾಗುತ್ತದೆ, ಸೋರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಾನು ನಿದ್ದೆ ಬರದೆ ಬಚ್ಚಲಿಗೆ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ, ಆಗುತ್ತಿದ್ದದ್ದು ತಿರುಗಾಮುರುಗಾ. ಶುಗರ್ ಡಾಕ್ಟರು ರಾತ್ರಿಯ ಮುದ್ದೆಯನ್ನು ಅರ್ಧಕ್ಕಿಳಿಸಿ, ಊಟವನ್ನು ಏಳೂವರೆಗೆ ತಂದು, ಔಷಧ ಬದಲಿಸಿದರು. ನಾಲ್ಕು ಸಲ ಏಳುತ್ತಿದ್ದದ್ದು ಒಂದಕ್ಕೆ ಬಂತು.

ನಿನಗೂ ಇದೇ ಮೊದಲ ಮಾತು. ಎದ್ದಾಗ ಮೈ ಬೆವರಿ ಎದೆ ಹೊಡೆದುಕೊಳ್ಳುತ್ತಿದ್ದರೆ ಸಕ್ಕರೆ ಇಳಿದಿರಬಹುದು. ಮೀಟರು 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು, ಬೆಳಿಗ್ಗೆ ಡಾಕ್ಟರಿಗೆ ಹೇಳಬೇಕು. ಪಾದ ಉರಿಯುತ್ತಿದ್ದರೆ ಅದು ನರದ ತೊಂದರೆ ಇರಬಹುದು. ಗೊರಕೆಯ ನಡುವೆ ಉಸಿರು ಕಟ್ಟಿ ಕಟ್ಟಿ ಬರುತ್ತಿದೆ ಅಂತ ನಿನ್ನ ಯಜಮಾನರು ಹೇಳಿದರೆ ಅದಕ್ಕೆ ಬೇರೆ ಪರೀಕ್ಷೆ ಇದೆ. ಇವುಗಳನ್ನು ಮಾತಿನಲ್ಲಿ ಗುಣ ಮಾಡಲು ಆಗುವುದಿಲ್ಲ.

ಈಗ ವಿಚಿತ್ರ ಕೇಳು. ಬಚ್ಚಲ ಓಡಾಟ ನಿಂತ ಮೇಲೂ ನಿದ್ದೆ ಬರಲಿಲ್ಲ! ಮಳೆ ನಿಂತರೂ ಮರದ ಹನಿ ನಿಲ್ಲದು ಅನ್ನುತ್ತಾರಲ್ಲ, ಹಾಗೆ. ಆರ್ಥರ್ ಸ್ಪೀಲ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1987ರಲ್ಲಿ ಇದನ್ನು ವಿವರಿಸಿದ್ದಾನಂತೆ. ನಿದ್ದೆಯನ್ನು ಕೆಡಿಸಿದ ಕಾರಣ ಒಂದು, ಕೆಟ್ಟದ್ದನ್ನು ಹಾಗೇ ಉಳಿಸುವ ಕಾರಣ ಇನ್ನೊಂದು. ಮೊದಲನೆಯದು ದುಃಖವೋ ಕಾಯಿಲೆಯೋ ಇರಬಹುದು. ಎರಡನೆಯದು ನಿದ್ದೆ ಬರಲಿ ಅಂತ ನಾವೇ ಮಾಡಿಕೊಳ್ಳುವ ಏರ್ಪಾಟುಗಳು. ನನ್ನದು ಒಂಬತ್ತಕ್ಕೇ ಮಲಗುವುದು, ಬೆಳಿಗ್ಗೆ ಎಚ್ಚರವಾದರೂ ಆರರವರೆಗೆ ಹೊರಳಾಡುವುದು, ಮಧ್ಯಾಹ್ನ ಸೀರಿಯಲ್ ನೋಡುತ್ತಾ ತೂಕಡಿಸುವುದು.

ಸೈಕಾಲಜಿಸ್ಟ್ ಹುಡುಗಿ ಒಂದು ವಾರ ನಿದ್ದೆಯ ಲೆಕ್ಕ ಬರೆಸಿದಳು. ಹಾಸಿಗೆಗೆ ಹೋದದ್ದು, ನಿದ್ದೆ ಹತ್ತಿದ್ದು, ಎಚ್ಚರಾದದ್ದು, ಎದ್ದದ್ದು, ಎಲ್ಲ ಅಂದಾಜಿನಲ್ಲಿ, ಬೆಳಿಗ್ಗೆ ಕೂತು. ಕ್ಯಾಶಿಯರಿಗೆ ಇನ್ನೇನು ಬೇಕು, ಕೂಡಿಸಿದೆ. ಹಾಸಿಗೆಯಲ್ಲಿದ್ದದ್ದು 63 ಗಂಟೆ, ನಿದ್ದೆ ಮಾಡಿದ್ದು ಮೂವತ್ತೆಂಟೂವರೆ. ನೂರಕ್ಕೆ 61. ನನ್ನ ಸರ್ವೀಸಿನಲ್ಲಿ ಅಷ್ಟು ದೊಡ್ಡ ಶಾರ್ಟ್ ಒಂದು ದಿನವೂ ಬಂದಿರಲಿಲ್ಲ. ಹುಡುಗಿ ಹೇಳಿದಳು: "ನಿಮ್ಮ ಹತ್ರ ಇರೋದು ಐದೂವರೆ ಗಂಟೆ ನಿದ್ದೆ. ಅದನ್ನ ಒಂಬತ್ತು ಗಂಟೆ ಹಾಸಿಗೆ ಮೇಲೆ ಹರಡ್ತಿದ್ದೀರಿ." ದೋಸೆ ಹಿಟ್ಟು ಒಂದೇ ಸೌಟು, ಕಾವಲಿ ಮಾತ್ರ ಮದುವೆಮನೆಯದು. ತೂತು ಬೀಳದೆ ಇನ್ನೇನು?

ಅವಳ ಮದ್ದು ಹಾಸಿಗೆಯನ್ನು ಕುಗ್ಗಿಸುವುದು. ರಾತ್ರಿ ಹನ್ನೆರಡಕ್ಕೆ ಮಲಗಿ, ನಿದ್ದೆ ಬಂದಿರಲಿ ಬಿಡಲಿ ಬೆಳಿಗ್ಗೆ ಐದೂವರೆಗೆ ಏಳಬೇಕು. ಭಾನುವಾರಕ್ಕೂ ರಜೆಯಿಲ್ಲ. ನನಗೆ ಸಿಟ್ಟೇ ಬಂತು, ಹಸಿದು ಬಂದವಳ ತಟ್ಟೆ ಕಿತ್ತುಕೊಂಡ ಹಾಗೆ. ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ, ಊಟ ಮತ್ತು ಶುಗರ್ ಮಾತ್ರೆಯ ಹೊತ್ತು ಕದಲಿಸಬಾರದು, ಹನ್ನೆರಡರವರೆಗೆ ಎದ್ದಿದ್ದೀರಿ ಅಂತ ಚಕ್ಕುಲಿ ಡಬ್ಬಿಗೆ ಕೈ ಹಾಕಬಾರದು, ಸ್ಕೂಟರ್ ಕೆಲವು ದಿನ ಬೇಡ, ಇದಿಷ್ಟನ್ನೂ ಬರೆದುಕೊಟ್ಟಳು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಫಿಟ್ಸ್ ಇರುವವರು, ಬೈಪೋಲಾರ್ ಇರುವವರು, ರಾತ್ರಿ ಗಾಡಿ ಓಡಿಸುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದಂತೆ.

ಇನ್ನೊಂದು ಕಟ್ಟಳೆ, ಹಾಸಿಗೆ ನಿದ್ದೆಗೆ ಮಾತ್ರ. ಮಲಗಿ ಒಂದಷ್ಟು ಹೊತ್ತಿಗೆ ನಿದ್ದೆ ಹತ್ತಲಿಲ್ಲವೋ, ಎದ್ದು ಬೇರೆ ಕೋಣೆಗೆ ನಡೆ. ಕಣ್ಣು ಎಳೆಯತೊಡಗಿದಾಗ ಮರಳಿ ಬಾ. ಇದು ರಿಚರ್ಡ್ ಬೂಟ್‌ಜಿನ್ ಎಂಬಾತ 1972ರಲ್ಲಿ ಕಂಡುಕೊಂಡದ್ದು. ಚಿಂತೆ ಮಾಡುತ್ತಾ ಹೊರಳಾಡಿದ ಹಾಸಿಗೆಗೆ ಚಿಂತೆಯದ್ದೇ ರೂಢಿಯಾಗಿಬಿಡುತ್ತದೆ. ಸೋಫಾದ ಮೇಲೆ ಕತ್ತು ಜೋಲು ಬಿಟ್ಟು ನಿದ್ದೆ ಮಾಡುವವರು ಹಾಸಿಗೆಗೆ ಬಂದ ಕೂಡಲೇ ಎಚ್ಚರಗೊಳ್ಳುವುದು ಇದಕ್ಕೇ.

ನಾನು ಏನು ಮಾಡಿದೆ ಗೊತ್ತೇ? ಅದು ಮಾಗಿ ಕಾಲ. ನೆನೆಸಿಟ್ಟ ಅವರೆಕಾಳಿನ ಬೋಗುಣಿ ತೊಡೆ ಮೇಲಿಟ್ಟುಕೊಂಡು, ಶಾಲು ಹೊದ್ದು, ನಡುಮನೆಯ ಮಣೆಯ ಮೇಲೆ ಕೂತು ಹಿದುಕುತ್ತಿದ್ದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಕಾಳು ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಗಡಿಯಾರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೆ, ಅದೂ ಅವಳದೇ ಅಪ್ಪಣೆ. ಮೊದಲ ವಾರ ಅರ್ಧ ಬೋಗುಣಿ ಹಿದುಕುತ್ತಿದ್ದೆ. ಎದುರು ಮನೆಯವರು ದೀಪ ನೋಡಿ ಕಳ್ಳರೇನೋ ಅಂತ ಫೋನ್ ಮಾಡಿದ್ದೂ ಆಯಿತು. ಎರಡನೆಯ ವಾರದ ಕೊನೆಗೆ ಹಿಡಿ ಕಾಳು ಮುಗಿಯುವ ಮೊದಲೇ ಕೈ ಸೋತು ಬರುತ್ತಿತ್ತು. ಆ ವಾರ ಮೂವತ್ತೆಂಟೂವರೆ ಗಂಟೆ ಹಾಸಿಗೆ, 34 ಗಂಟೆ ನಿದ್ದೆ. ನೂರಕ್ಕೆ 85 ದಾಟಿತು ಅಂತ ಹುಡುಗಿ ಕಾಲು ಗಂಟೆ ಬೋನಸ್ ಕೊಟ್ಟಳು. ಹೀಗೇ ಕಾಲು ಕಾಲು ಗಂಟೆಯಾಗಿ, ಎರಡು ತಿಂಗಳಿಗೆ ರಾತ್ರಿ ಹನ್ನೊಂದರಿಂದ ಐದೂವರೆಗೆ ಬಂದು ನಿಂತೆ. ಅದರಲ್ಲಿ ಆರು ಗಂಟೆ ಗಟ್ಟಿ ನಿದ್ದೆ.

ಹಾಗಾದರೆ ಮಾತು ಎಲ್ಲಿ ಬಂತು ಅಂತ ಕೇಳುತ್ತೀಯ. ನನಗೆ ಎರಡು ಭಯ ಇದ್ದವು. ಒಂಟಿ ಹೆಂಗಸು, ನಿದ್ದೆಯಲ್ಲೇ ಸಕ್ಕರೆ ಇಳಿದು ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಒಂದು. ನಿದ್ದೆ ಕೆಟ್ಟರೆ ನಾಳೆ ಶುಗರ್ ಮುನ್ನೂರಕ್ಕೆ ಏರುತ್ತದೆ ಅನ್ನುವುದು ಇನ್ನೊಂದು. ಧೈರ್ಯವಾಗಿರಿ ಅಂತ ಅವಳು ಹೇಳಲಿಲ್ಲ, ಹೇಳಿದ್ದರೆ ಎದ್ದು ಬರುತ್ತಿದ್ದೆ. "ನಿಮ್ಮ ಮೀಟರಲ್ಲಿ ಹಳೇ ರೀಡಿಂಗ್ ಇರುತ್ತಲ್ಲ, ನೋಡೋಣ" ಅಂದಳು. ಆರು ತಿಂಗಳಲ್ಲಿ 70ಕ್ಕಿಂತ ಕೆಳಗೆ ಬಂದದ್ದು ಒಂದೇ ಸಲ, ಅದೂ ಏಕಾದಶಿ ಉಪವಾಸದ ಸಂಜೆ. ಆದರೂ ಹಾಸಿಗೆ ಪಕ್ಕ ಗ್ಲೂಕೋಸ್ ಡಬ್ಬಿ ಇಡಿಸಿದಳು, ಪಕ್ಕದ ಮನೆಗೆ ಒಂದು ಬೀಗದ ಕೈ ಕೊಡಿಸಿದಳು. ಎರಡನೆಯದಕ್ಕೆ, ನಿದ್ದೆ ಕೆಟ್ಟ ರಾತ್ರಿಗಳ ಮರುದಿನ ಮತ್ತು ನಿದ್ದೆ ಬಂದ ರಾತ್ರಿಗಳ ಮರುದಿನ ಖಾಲಿ ಹೊಟ್ಟೆಯ ಸಕ್ಕರೆ ಬರೆಸಿದಳು. ವ್ಯತ್ಯಾಸ ಏಳೆಂಟು ಅಂಕಿ. ಮುನ್ನೂರು ನನ್ನ ತಲೆಯೊಳಗೆ ಮಾತ್ರ ಇತ್ತು.

ಆ ಮುನ್ನೂರು ಬಂದದ್ದು ಪೇಪರಿನಿಂದ. ಷಿಕಾಗೊದಲ್ಲಿ ಹನ್ನೊಂದು ಆರೋಗ್ಯವಂತ ಹುಡುಗರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಅವರ ದೇಹ ಸಕ್ಕರೆಯನ್ನು ನಿಭಾಯಿಸಲು ಒದ್ದಾಡಿತು ಎಂಬ 1999ರ ಪ್ರಯೋಗ ನಿಜವೇ. ಆದರೆ ಅದು ನಿದ್ದೆ ಬರುವವರನ್ನು ಮಲಗಗೊಡದೆ ಮಾಡಿದ ಪ್ರಯೋಗ. ನಿದ್ದೆ ಬಾರದವಳು ಅದನ್ನು ರಾತ್ರಿ ಹನ್ನೊಂದಕ್ಕೆ ಓದಿದರೆ ಇನ್ನೆರಡು ಗಂಟೆ ಹೋಯಿತು ಅಂತಲೇ ಲೆಕ್ಕ. ನಿದ್ದೆಯ ಬಗ್ಗೆ ಬರೆಯುವವರು, ನನ್ನನ್ನೂ ಸೇರಿಸಿ, ಲೇಖನದ ಮೇಲೆ 'ಹಗಲಲ್ಲಿ ಓದಿ' ಅಂತ ಅಚ್ಚು ಹಾಕಿಸಬೇಕು.

ಇದರಿಂದ ಶುಗರ್ ಇಳಿಯುತ್ತದಾ? ಸುಳ್ಳು ಹೇಳಲಾರೆ. ಈ ಚಿಕಿತ್ಸೆಯಿಂದ ಸಕ್ಕರೆ ಕಾಯಿಲೆಯವರ ನಿದ್ದೆ ಸುಧಾರಿಸುತ್ತದೆ ಎನ್ನುವುದಕ್ಕೆ ಆಧಾರ ಚೆನ್ನಾಗಿದೆ, ಸಕ್ಕರೆಯ ವಿಷಯದಲ್ಲಿ ಮಾತ್ರ ಕೆಲವು ಅಧ್ಯಯನ ಹೌದು ಅಂದರೆ ಕೆಲವು ಇಲ್ಲ ಅನ್ನುತ್ತವೆ. ನನ್ನ ಮೂರು ತಿಂಗಳ ಸರಾಸರಿ 8.1 ಇದ್ದದ್ದು 7.7 ಆಯಿತು. ಮುದ್ದೆ ಅರ್ಧವಾಗಿತ್ತು, ಔಷಧ ಬದಲಾಗಿತ್ತು, ಹಗಲು ತೂಕಡಿಕೆ ಹೋಗಿ ಸಂಜೆ ನಡಿಗೆ ಶುರುವಾಗಿತ್ತು. ಯಾರ ಖಾತೆಗೆ ಎಷ್ಟು ಜಮೆ ಅಂತ ಬಿಡಿಸಲು ನನ್ನಿಂದ ಆಗಿಲ್ಲ.

ನಿನ್ನದಕ್ಕೆ ಬರುತ್ತೇನೆ. ಎರಡನೆಯ ಬಸಿರಿನಲ್ಲಿ ಬಂದ ಸಕ್ಕರೆ ನಿನಗೆ ಉಳಿದೇಬಿಟ್ಟಿತು, ಅದು ನಿನ್ನ ತಪ್ಪಲ್ಲ. ಆದರೆ ಸಂಕ್ರಾಂತಿಗೆ ಬಂದಾಗ ನೋಡಿದ್ದೇನೆ, ಮಕ್ಕಳ ಉತ್ತರಪತ್ರಿಕೆ ತಿದ್ದುವುದು ಮಂಚದ ಮೇಲೆ, ಫೋನು ದಿಂಬಿನ ಕೆಳಗೆ, ಭಾನುವಾರ ಒಂಬತ್ತರವರೆಗೆ ಮುಸುಕು. ಪತ್ರಿಕೆಗಳನ್ನು ಊಟದ ಮೇಜಿಗೆ ಸಾಗಿಸು. ಹಾಸನದಲ್ಲಿ ಸೈಕಾಲಜಿಸ್ಟ್ ಯಾವ ದಿನ ಸಿಗುತ್ತಾರೆ ಅಂತ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸು. ಅಲ್ಲಿಯವರೆಗೆ ಯಾರ ಹತ್ತಿರವಾದರೂ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ 14416 ಇದೆ, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದದ ಜೊತೆ ಒಂದು ನೋಟ್‌ಬುಕ್ ಕಳಿಸಿದ್ದೇನೆ. ಐದು ಕಾಲಂ ಗೀಟು ಹಾಕಿದ್ದೇನೆ, ನಾಲ್ಕು ನಿದ್ದೆಗೆ, ಐದನೆಯದು ಬೆಳಗಿನ ಸಕ್ಕರೆಗೆ. ಬೆಳಿಗ್ಗೆ ಮಾತ್ರ ತುಂಬು. ಮುಂದಿನ ಭಾನುವಾರ ಹತ್ತು ಗಂಟೆಗೆ ಫೋನ್ ಮಾಡು, ನೀನು ಓದು, ನಾನು ಕೂಡಿಸುತ್ತೇನೆ. ರಾತ್ರಿ ಮೂರಕ್ಕೆ ಮೆಸೇಜ್ ಹಾಕಿದರೆ ನಾನು ನೋಡುವುದಿಲ್ಲ. ಆ ಹೊತ್ತಿಗೆ ಮಲಗಿರುತ್ತೇನೆ.

ನಿನ್ನ ಅತ್ತೆ,
ಮಂಡ್ಯ