ಕುಟುಂಬಕ್ಕೆ ವ್ಯಾನು: ಆಸನಗಳನ್ನು ಎಣಿಸುವ ಮೊದಲು

ದೊಡ್ಡ ಸಂಸಾರದವರು ಮೋಟಾರು ಕೊಳ್ಳಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಜನ ಕೂರಬಹುದು?’ ಎಂಬುದು. ಪ್ರಶ್ನೆಯೇನೋ ಸಹಜವಾದುದೇ. ಆದರೆ ಕೂರುವುದು ಬೇರೆ, ಎಲ್ಲರೂ ಕ್ಷೇಮವಾಗಿ ಊರು ಸೇರುವುದು ಬೇರೆ. ವ್ಯಾನೊಂದು ಕುಟುಂಬಕ್ಕೆ ತಕ್ಕುದೇ ಅಲ್ಲವೇ ಎಂಬುದನ್ನು ನಿರ್ಣಯಿಸಲು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಬಹುಮಟ್ಟಿಗೆ ಸಾಕು.

ಉದಾಹರಣೆಗಾಗಿ ಶಿವಮೊಗ್ಗ ನಗರದ ಏಳು ಜನರ ಸಂಸಾರವೊಂದನ್ನು ಕಲ್ಪಿಸಿಕೊಳ್ಳೋಣ: ಅಜ್ಜ, ಅಜ್ಜಿ, ತಂದೆ, ತಾಯಿ, ಮೂವರು ಮಕ್ಕಳು. ತಂದೆಯ ಉದ್ಯೋಗ ಭದ್ರಾವತಿಯಲ್ಲಿ. ಹೋಗಿಬರಲು ದಿನಕ್ಕೆ ಸುಮಾರು 40 ಕಿಲೋಮೀಟರು. ವರ್ಷದಲ್ಲಿ ಕೆಲವು ಸಲ ಮನೆಮಂದಿಯೆಲ್ಲ ಸೇರಿ ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆ ಘಾಟಿಯನ್ನು ಇಳಿದು ಉಡುಪಿಗೆ ಹೋಗುವುದುಂಟು. ಈ ಎರಡು ಬಗೆಯ ಪ್ರಯಾಣಗಳೇ ನಮ್ಮ ಪರೀಕ್ಷೆಯ ಒರೆಗಲ್ಲು.

ಎರಡು ಬಗೆಯ ವ್ಯಾನುಗಳು

ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1983ರ ಕೊನೆಯಲ್ಲಿ ಕಾರಿನಂತೆ ತಗ್ಗಾದ ನೆಲವೂ ಪಕ್ಕಕ್ಕೆ ಸರಿಯುವ ಬಾಗಿಲೂ ಉಳ್ಳ ಮಿನಿವ್ಯಾನನ್ನು ಹೊರತಂದಿತು. ಮರುವರ್ಷ, 1984ರಲ್ಲಿ, ನಮ್ಮ ದೇಶದಲ್ಲಿ ಮಾರುತಿ ವ್ಯಾನು ಬಂದಿತು. ಮುಂದೆ ‘ಓಮ್ನಿ’ ಎಂಬ ಹೆಸರು ಪಡೆದು 2019ರವರೆಗೂ ಅದು ತಯಾರಾಯಿತು. ಅದರ 796 ಘನ ಸೆಂಟಿಮೀಟರಿನ ಎಂಜಿನು ಮುಂದಿನ ಆಸನಗಳ ಕೆಳಗಿದ್ದಿತು. ಇದರಿಂದ ಕಡಿಮೆ ಉದ್ದದಲ್ಲಿ ಹೆಚ್ಚು ಜಾಗ ದೊರೆಯಿತು. ಆದರೆ ಚಾಲಕನ ಕಾಲಿನ ಮುಂದೆ ಇದ್ದುದು ತೆಳುವಾದ ತಗಡಿನ ಮುಖ ಮಾತ್ರ.

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾದಂಥ ವಾಹನಗಳಲ್ಲಿ ಎಂಜಿನು ಮುಂದಿನ ಮೂತಿಯೊಳಗೆ ಇರುತ್ತದೆ. ಇವಕ್ಕೆ ಬೆಲೆಯೂ ಉದ್ದವೂ ಹೆಚ್ಚು. ಆದರೂ ಆ ಮೂತಿಯನ್ನು ನಿರರ್ಥಕವೆನ್ನಲಾಗದು. ಡಿಕ್ಕಿಯಾದಾಗ ಅದು ತಾನು ನಜ್ಜುಗುಜ್ಜಾಗಿ ಒಳಗಿನವರು ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಈ ದೂರದ ಬೆಲೆ ಎಷ್ಟೆಂಬುದನ್ನು ಈಗ ನೋಡೋಣ.

ತೊಡೆಯ ಮೇಲಿನ ಮಗು

ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಈ ವೇಗದಲ್ಲಿ ಚಲಿಸುತ್ತಿರುವವರು ಅರ್ಧ ಮೀಟರು ದೂರದೊಳಗೆ ನಿಲ್ಲಬೇಕಾದರೆ, ಅವರ ಮೇಲೆ ಅವರ ತೂಕದ ಸುಮಾರು ಇಪ್ಪತ್ತರಷ್ಟು ಬಲ ಬೀಳುತ್ತದೆ. ಹತ್ತು ಕಿಲೋಗ್ರಾಂ ತೂಕದ ಮಗುವನ್ನು ಆ ಕ್ಷಣದಲ್ಲಿ ಹಿಡಿದಿಡಲು 200 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಇಷ್ಟು ಬಲವಿಲ್ಲ. ನಿಲ್ಲುವ ದೂರ ಕಾಲು ಮೀಟರಿಗೆ ಇಳಿದರೆ ಬಲ ಇಮ್ಮಡಿಯಾಗುತ್ತದೆ.

ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಒಂದು ಆಸನವನ್ನು ಉಳಿಸುವ ನಮ್ಮ ವಾಡಿಕೆ ಆದಕಾರಣ ಅಪಾಯಕರವಾದುದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಸೀಟ್ ಬೆಲ್ಟು ಇರಬೇಕು. ಶಿಶುವಿಗೆ ಅದರ ಅಳತೆಗೆ ತಕ್ಕ ಬೇರೆ ಆಸನ ಬೇಕು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೀಗೆ ಭದ್ರಪಡಿಸಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೂ ವಿಧಿಸುತ್ತದೆ. ಹೀಗೆ ನೋಡಿದಾಗ ಏಳು ಜನರ ಸಂಸಾರಕ್ಕೆ ಐದು ಆಸನಗಳ ಕಾರು ಸಾಲದು. ವ್ಯಾನಿನ ಪರವಾದ ನಿಜವಾದ ವಾದ ಇದೇ.

ಘಾಟಿಯಲ್ಲಿ ಹುಟ್ಟುವ ಶಾಖ

ಖಾಲಿ ವ್ಯಾನಿನ ತೂಕ 1,500 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸರಾಸರಿ 60 ಕಿಲೋಗ್ರಾಂನಂತೆ ಏಳು ಜನ, ಜೊತೆಗೆ 80 ಕಿಲೋಗ್ರಾಂ ಸಾಮಾನು ಸೇರಿದರೆ ಒಟ್ಟು ತೂಕ 2,000 ಕಿಲೋಗ್ರಾಂ ಆಗುತ್ತದೆ. ಭದ್ರಾವತಿಗೆ ಒಬ್ಬರೇ ಹೋಗುವಾಗ ಚುರುಕಾಗಿ ಓಡುವ ವಾಹನ ಈ ಭಾರದಲ್ಲಿ ಬೇರೆಯದೇ ಆಗಿ ವರ್ತಿಸುತ್ತದೆ.

ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಲೆಕ್ಕಕ್ಕಾಗಿ 500 ಮೀಟರು ಇಳಿತವನ್ನು ಹಿಡಿಯೋಣ. ತುಂಬಿದ ವ್ಯಾನು ಇಷ್ಟು ಕೆಳಗಿಳಿಯುವಾಗ ಸುಮಾರು 98 ಲಕ್ಷ ಜೂಲ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಮೂವತ್ತು ಲೀಟರು ತಣ್ಣೀರನ್ನು, ಎಂದರೆ ಮಲೆನಾಡಿನ ಬಚ್ಚಲೊಲೆಯ ಮೇಲಿನ ಹಂಡೆಯಲ್ಲಿ ಹಿಡಿಯುವ ನೀರಿನ ದೊಡ್ಡ ಪಾಲನ್ನು, ಕುದಿಯುವಂತೆ ಮಾಡಲು ಈ ಶಕ್ತಿ ಸಾಕು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಈ ಶಾಖದ ಬಹುಭಾಗ ಚಕ್ರಗಳ ಬಳಿಯ ಎರಕದ ಕಬ್ಬಿಣದ ಬಿಲ್ಲೆಗಳಲ್ಲಿ ಸೇರುತ್ತದೆ. 1923ರಿಂದ ಕಬ್ಬಿಣದ ಕುಲುಮೆಯನ್ನು ಕಂಡ ಭದ್ರಾವತಿಯವರಿಗೆ ಕಬ್ಬಿಣ ಎಷ್ಟು ಶಾಖ ತಡೆದೀತೆಂದು ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಒತ್ತಿಕೊಳ್ಳುವ ಬ್ರೇಕಿನ ಪದರಕ್ಕೆ ಅಷ್ಟು ತಾಳ್ಮೆಯಿಲ್ಲ. ಅತಿಯಾಗಿ ಕಾದಾಗ ಅದರ ಹಿಡಿತ ಕುಗ್ಗುತ್ತದೆ. ಎರಡನೆಯ ಗೇರಿನಲ್ಲೇ ನಿಧಾನವಾಗಿ ಇಳಿದರೆ ಎಂಜಿನು ಈ ಹೊರೆಯ ಒಂದು ಪಾಲನ್ನು ತಾನು ಹೊರುತ್ತದೆ.

ಮಳೆಗಾಲದಲ್ಲಿ ಮತ್ತೊಂದು ತೊಡಕು ಸೇರುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ವ್ಯಾನು, ಚಾಲಕನು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿದರೆ, ಒಣರಸ್ತೆಯಲ್ಲಿ ಸುಮಾರು 37 ಮೀಟರಿನಲ್ಲಿ ನಿಂತೀತು. ಒದ್ದೆರಸ್ತೆಯಲ್ಲಿ 50 ಮೀಟರಿಗೂ ಮೀರಬಹುದು. ಸವೆದ ಟೈರಿದ್ದರೆ ಇದು ಇನ್ನೂ ಹೆಚ್ಚುತ್ತದೆ.

ಸಾಮಾನು ಎಲ್ಲಿ?

ಬಹುತೇಕ ವ್ಯಾನುಗಳಲ್ಲಿ ಕೊನೆಯ ಸಾಲಿನಲ್ಲಿ ಜನ ಕುಳಿತರೆ ಸಾಮಾನಿಗೆ ಉಳಿಯುವ ಜಾಗ ಅತ್ಯಲ್ಪ. ಆಗ ಪೆಟ್ಟಿಗೆಗಳು ಮಾಡಿನ ಮೇಲಿನ ಕ್ಯಾರಿಯರನ್ನು ಏರುತ್ತವೆ. ನೆಲದಿಂದ 70 ಸೆಂಟಿಮೀಟರು ಎತ್ತರದಲ್ಲಿ ಗುರುತ್ವಕೇಂದ್ರವಿರುವ 1,500 ಕಿಲೋಗ್ರಾಂ ವಾಹನದ ಮೇಲೆ, 190 ಸೆಂಟಿಮೀಟರು ಎತ್ತರದಲ್ಲಿ 100 ಕಿಲೋಗ್ರಾಂ ಇಟ್ಟರೆ, ಆ ಕೇಂದ್ರವು ಏಳೂವರೆ ಸೆಂಟಿಮೀಟರು ಮೇಲಕ್ಕೇರುತ್ತದೆ. ತಿರುವಿನಲ್ಲಿ ಮಗುಚದೆ ನಿಲ್ಲುವ ಶಕ್ತಿ ಇದರಿಂದ ಸುಮಾರು ಹತ್ತನೆಯ ಒಂದಂಶ ಕುಗ್ಗುತ್ತದೆ. ಭಾರವಾದುದು ಕೆಳಗೆ, ಮುಂದಿನ ಆಸನದ ಬೆನ್ನಿಗೆ ತಾಗಿ ಇರಬೇಕು. ಮೇಲೇರಲೇಬೇಕಾದರೆ ಹಾಸಿಗೆಯಂಥ ಹಗುರ ವಸ್ತುಗಳು ಏರಲಿ.

ನಿತ್ಯದ ವೆಚ್ಚ

ವ್ಯಾನು ಲೀಟರಿಗೆ 14 ಕಿಲೋಮೀಟರು, ಚಿಕ್ಕ ಕಾರು 20 ಕಿಲೋಮೀಟರು ಓಡುವುದೆಂದು ಹಿಡಿಯೋಣ. ದಿನಕ್ಕೆ 40 ಕಿಲೋಮೀಟರಿನಂತೆ 300 ದಿನ ಭದ್ರಾವತಿಗೆ ಹೋಗಿಬಂದರೆ, ವ್ಯಾನು ವರ್ಷಕ್ಕೆ ಸುಮಾರು 257 ಲೀಟರು ಹೆಚ್ಚು ಇಂಧನ ಕುಡಿಯುತ್ತದೆ. ಅದೂ ಆರು ಖಾಲಿ ಆಸನಗಳನ್ನು ಹೊರುವುದಕ್ಕಾಗಿ. ಈ ಊರುಗಳ ನಡುವೆ ಬಸ್ಸೂ ಉಂಟು, ರೈಲೂ ಉಂಟು. ಮನೆಮಂದಿಯೆಲ್ಲ ಕೂಡಿ ಹೋಗುವುದು ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರವಾದರೆ, ಆ ದಿನಗಳಿಗೆ ಬಾಡಿಗೆಯ ವ್ಯಾನೇ ಮಿತವ್ಯಯದ ಮಾರ್ಗ. ಅಜ್ಜ ಅಜ್ಜಿಯರನ್ನು ವಾರವಾರವೂ ಆಸ್ಪತ್ರೆಗೋ ಮಕ್ಕಳನ್ನು ನಿತ್ಯ ಶಾಲೆಗೋ ಒಯ್ಯಬೇಕಾದ ಮನೆಯ ಲೆಕ್ಕ ಬೇರೆ.

ಕೊಳ್ಳುವ ಮೊದಲು

ಅಂಗಡಿಯಲ್ಲಿ ಮನೆಯ ಯಜಮಾನರು ಚಾಲಕನ ಆಸನದಲ್ಲಿ ಕುಳಿತು ನೋಡುವುದು ರೂಢಿ. ಅವರು ಕೊನೆಯ ಸಾಲಿನಲ್ಲಿ ಹತ್ತು ನಿಮಿಷ ಕೂರಲಿ. ಮಂಡಿಗಳು ಎದೆಯತ್ತ ಏರುತ್ತವೆಯೇ? ತಲೆಯ ಹಿಂದೆ ಆಧಾರವಿದೆಯೇ? ಹಿಂಗಾಜಿಗೂ ತಲೆಗೂ ಎಷ್ಟು ಅಂತರ? ಪ್ರತಿ ಆಸನಕ್ಕೂ ಭುಜದ ಮೇಲೆ ಹಾಯುವ ಬೆಲ್ಟು ಉಂಟೇ? ಅಜ್ಜಿಯವರು ಯಾರ ಸಹಾಯವೂ ಇಲ್ಲದೆ ಹತ್ತಿ ಇಳಿಯಬಲ್ಲರೇ? ತಯಾರಕರು ಹೇಳಿರುವ ಒಟ್ಟು ತೂಕದ ಮಿತಿಯನ್ನೂ, ಪೂರ್ಣ ಭಾರಕ್ಕೆ ತಕ್ಕ ಟೈರಿನ ಗಾಳಿಯ ಒತ್ತಡವನ್ನೂ ಕೈಪಿಡಿಯಲ್ಲಿ ಓದಿಕೊಳ್ಳಬೇಕು. ಸಾಧ್ಯವಾದರೆ ಏಳು ಜನರನ್ನೂ ಕೂರಿಸಿಕೊಂಡೇ ಓಡಿಸಿ ನೋಡಬೇಕು.

ಮುಂದಿನ ಆಸನ ಎಲ್ಲ ವಾಹನಗಳಲ್ಲೂ ಸುಖವಾಗಿಯೇ ಇರುತ್ತದೆ. ಕೊನೆಯ ಸಾಲಿನಲ್ಲಿ ಕೂರುವವರು ಸಾಮಾನ್ಯವಾಗಿ ಮನೆಯ ಅತ್ಯಂತ ಕಿರಿಯರು. ಅವರಿಗೆ ಒಪ್ಪುವ ವ್ಯಾನೇ ಕುಟುಂಬದ ವ್ಯಾನು.