ಸ್ತ್ರೀಯರ ಸೇವೆಗೆ ನ್ಯಾಯವಾದ ಸಂಭಾವನೆ: ಒಂದು ಅಧ್ಯಯನ ಪಾಠ



ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಬೆಳಗಾವಿಯಿಂದ ಖಾನಾಪುರದ ವರೆಗಿನ ಊರುಗಳಲ್ಲಿ ಕರ್ತನ ಸೇವೆಯನ್ನು ಮಾಡುತ್ತಿರುವದು ನಮಗೆಲ್ಲ ಸಂತೋಷದ ಸಂಗತಿ. ಕೆಲವರು ಸ್ತ್ರೀಯರ ಕೂಟಗಳಲ್ಲಿ ಸತ್ಯವೇದವನ್ನು ಬೋಧಿಸುತ್ತಾರೆ. ಕೆಲವರು ಸಂಡೇ ಸ್ಕೂಲಿನ ಶಿಕ್ಷಕಿಯರನ್ನು ತಯಾರು ಮಾಡುತ್ತಾರೆ. ಕೆಲವರು ಮರಾಠಿಯ ಪಾಠಗಳನ್ನು ಕನ್ನಡಕ್ಕೆ ತಿರುಗಿಸುತ್ತಾರೆ. ಇವರಲ್ಲಿ ಒಬ್ಬಳು ಈಚೆಗೆ ನನ್ನ ಬಳಿಗೆ ಬಂದು, "ಅಕ್ಕನವರೇ, ಕರೆದವರು ಎಷ್ಟು ಕೊಡಬೇಕೆಂದು ಕೇಳಿದರೆ ನಾನೇನು ಹೇಳಲಿ? ಹಣದ ಮಾತೆತ್ತಿದರೆ ಸೇವೆಯ ಹೆಸರು ಕೆಟ್ಟೀತೆಂದು ಅಂಜಿಕೆಯಾಗುತ್ತದೆ" ಎಂದಳು. ಕರೆಯುವವರಿಗೂ ಇದೇ ಅಂಜಿಕೆಯುಂಟು. ಆದದರಿಂದ ಎರಡೂ ಪಕ್ಷದವರಿಗೆ ಉಪಯೋಗವಾಗಲೆಂದು ಈ ಪಾಠವನ್ನು ಬರೆದಿರುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳುವೆನು. ಕೆಲವು ವರ್ಷಗಳ ಹಿಂದೆ ನಾನು ಒಂದು ಸ್ತ್ರೀಯರ ಕೂಟದ ಕಾರ್ಯದರ್ಶಿಯಾಗಿದ್ದಾಗ, ದೂರದ ಹಳ್ಳಿಯಿಂದ ಒಬ್ಬ ವಿಧವೆಯನ್ನು ಬೋಧನೆಗೆ ಕರೆಸಿದೆವು. ಆಕೆ ಎರಡು ದಿವಸ ಬಹು ಚೆನ್ನಾಗಿ ಕಲಿಸಿದಳು. ನಾವು ಒಂದು ಶಾಲು, ಒಂದು ತೆಂಗಿನಕಾಯಿ, ಹೂವಿನ ಹಾರ ಕೊಟ್ಟು ಸಂತೋಷದಿಂದ ಕಳುಹಿಸಿದೆವು. ಮುಂದಿನ ತಿಂಗಳು ಬಂದ ಪುರುಷ ಉಪದೇಶಿಗೆ ಮಾತ್ರ ಲಕೋಟೆಯಲ್ಲಿ ಹಣವಿಟ್ಟು ಕೊಟ್ಟೆವು. ಆ ತಾಯಿಯು ಎರಡು ದಿವಸದ ಹೊಲಿಗೆಯ ದುಡಿಮೆಯನ್ನು ಬಿಟ್ಟು, ನೆರೆಯವರಲ್ಲಿ ಸಾಲ ಮಾಡಿ ರಿಕ್ಷಾಕ್ಕೆ ಕೊಟ್ಟು ಬಂದಿದ್ದಳೆಂದು ಬಹಳ ದಿವಸಗಳ ಮೇಲೆ ತಿಳಿಯಿತು. ಮರುವರ್ಷ ಕರೆದಾಗ ಆಕೆ ಬರಲಿಲ್ಲ. ಆಕೆಗೆ ಮೊದಲಿನ ಹುರುಪು ಇಲ್ಲವೆಂದು ನಾವು ಮಾತಾಡಿಕೊಂಡೆವು. ಆ ಮಾತು ಈಗಲೂ ನನ್ನ ಮನಸ್ಸನ್ನು ಚುಚ್ಚುತ್ತದೆ.

೧. ಹಿಂದಿನವರ ರೀತಿ

ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನವರು ೧೮೨೦ರಲ್ಲಿ ಕೆಲಸವನ್ನಾರಂಭಿಸಿದರು. ೧೯೦೪ರಲ್ಲಿ ಅದು ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಶನ್ನಿನವರ ಕೈಗೆ ಬಂತು. ಈ ಮಿಶನ್ನಿನ ಸ್ತ್ರೀಯರು ೧೮೬೯ರಲ್ಲಿ ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ತಮ್ಮದೇ ಆದ ಒಂದು ಸಂಘವನ್ನು ಕಟ್ಟಿದ್ದರು. ಪ್ರತಿಯೊಬ್ಬಳೂ ವಾರಕ್ಕೆ ಎರಡು ಸೆಂಟು ಕೊಡಬೇಕೆಂಬದು ಅವರ ನಿಯಮ. ಆ ಸಂಘವು ಕಳುಹಿಸಿದ ಶಿಕ್ಷಕಿ ಇಸಬೆಲ್ಲಾ ಥೋಬರ್ನ್ ಮತ್ತು ವೈದ್ಯೆ ಕ್ಲಾರಾ ಸ್ವೇನ್ ಇವರು ೧೮೭೦ರಲ್ಲಿ ಭಾರತಕ್ಕೆ ಬಂದರು. ಸ್ತ್ರೀಯರ ಸೇವೆಗೆ ವೆಚ್ಚವುಂಟೆಂಬದನ್ನೂ, ಅದನ್ನು ಹೊರುವ ಭಾರ ಸಭೆಯದೆಂಬದನ್ನೂ ಆ ತಾಯಂದಿರು ಮೊದಲೇ ಅರಿತಿದ್ದರು. ಎಲೆನ್ ರಾನ್ಯರ್ಡ್ ಎಂಬಾಕೆ ೧೮೫೭ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸ್ತ್ರೀಯರ ಪದ್ಧತಿಯನ್ನಾರಂಭಿಸಿದಾಗಲೂ ಅವರಿಗೆ ಸಂಬಳವನ್ನು ಗೊತ್ತುಮಾಡಿದ್ದಳು.

ಕೊಡುವದಕ್ಕೆ ಐಶ್ವರ್ಯವೇ ಬೇಕೆಂದಿಲ್ಲ. ಮಿಜೋರಾಮಿನ ಗೃಹಿಣಿಯರು ೧೯೧೦ರಿಂದ, ಅಡಿಗೆಗೆ ಅಕ್ಕಿ ಹಾಕುವಾಗ ಒಂದೊಂದು ಹಿಡಿಯನ್ನು ಕರ್ತನ ಕೆಲಸಕ್ಕೆಂದು ತೆಗೆದಿಡುತ್ತ ಬಂದಿರುತ್ತಾರೆ. ಭತ್ತ ಬೆಳೆಯುವ ನಮ್ಮ ಖಾನಾಪುರದ ಸೀಮೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

೨. ಸತ್ಯವೇದದ ಬೋಧನೆ

ಮತ್ತಾಯನ ಸುವಾರ್ತೆಯ ೧೦ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಕೃಪೆಯನ್ನು ಕ್ರಯಕ್ಕೆ ಕೊಡಬಾರದೆಂಬ ಅರ್ಥದ ಅಪ್ಪಣೆ ೮ನೆಯ ವಚನದಲ್ಲಿದೆ. ಕೆಲಸ ಮಾಡುವವನಿಗೆ ಅವನ ಆಹಾರ ಸಲ್ಲಬೇಕೆಂಬ ಮಾತು ೧೦ನೆಯ ವಚನದಲ್ಲಿದೆ. ಎರಡನ್ನೂ ಒಬ್ಬ ಕರ್ತನೇ ಒಂದೇ ಸಮಯದಲ್ಲಿ ಹೇಳಿದನು. ಆದದರಿಂದ ಸುವಾರ್ತೆಗೆ ಬೆಲೆಯಿಲ್ಲ. ಸುವಾರ್ತೆಯನ್ನು ಹೊತ್ತು ನಡೆಯುವವಳಿಗೆ ಹಸಿವೆ ಉಂಟು.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೯ನೆಯ ಅಧ್ಯಾಯದಲ್ಲಿ ಬೋಧಕರಿಗೆ ಜೀವನ ನಡಿಸಿಕೊಳ್ಳುವ ಹಕ್ಕುಂಟೆಂದು ಮೊದಲು ಸ್ಥಾಪಿಸುತ್ತಾನೆ. ಆಮೇಲೆ, ತಾನು ಆ ಹಕ್ಕನ್ನು ಉಪಯೋಗಿಸಲಿಲ್ಲವೆನ್ನುತ್ತಾನೆ. ಈ ಕ್ರಮವನ್ನು ಲಕ್ಷ್ಯದಲ್ಲಿಡಬೇಕು. ಹಕ್ಕು ಯಾರದೋ ಅವರೇ ಅದನ್ನು ಬಿಟ್ಟುಕೊಟ್ಟರೆ ಅದು ತ್ಯಾಗವೆನಿಸುತ್ತದೆ. ಆಕೆಯ ಪರವಾಗಿ ಕಾರ್ಯದರ್ಶಿಯೇ ಬಿಟ್ಟುಕೊಟ್ಟರೆ ಅದು ಆಕೆಯ ಕೈಯೊಳಗಿನದನ್ನು ಕಸಿದುಕೊಂಡಂತೆ. ನಾನು ಆ ವಿಧವೆಗೆ ಮಾಡಿದ್ದು ಇದನ್ನೇ.

ಸ್ತ್ರೀಪುರುಷರಲ್ಲಿ ಭೇದ ಮಾಡುವದೂ ಸಲ್ಲದು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬದು ನಮ್ಮ ರಾಜ್ಯಾಂಗದ ೩೯ನೆಯ ಅನುಚ್ಛೇದದಲ್ಲಿದೆ. ೧೯೭೬ರಲ್ಲಿ ಅದಕ್ಕಾಗಿ ಕಾನೂನೂ ಆಯಿತು. ೨೦೧೯ರ ವೇತನ ಸಂಹಿತೆಯಲ್ಲಿಯೂ ಆ ತತ್ವವೇ ಸೇರಿರುತ್ತದೆ. ಸರಕಾರವು ಒಪ್ಪಿದ ನ್ಯಾಯದಲ್ಲಿ ಸಭೆಯು ಹಿಂದುಳಿಯಬಾರದು.

೩. ಲೆಕ್ಕ ಮಾಡುವ ಬಗೆ

ಶಾಲೆಯ ಲೆಕ್ಕದಂತೆ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೆಳಗಾವಿಯಲ್ಲಿರುವ ಒಬ್ಬ ಸಹೋದರಿಯನ್ನು ದೇಸೂರದ ೪೦ ಮಂದಿ ಸ್ತ್ರೀಯರು ಒಂದು ಕೂಟಕ್ಕೆ ಕರೆದಿದ್ದಾರೆ. ಬೋಧನೆ ಒಂದು ತಾಸಿನದು. ಆದರೆ ಪಾಠವನ್ನು ಸಿದ್ಧಪಡಿಸಲಿಕ್ಕೆ ಅರ್ಧ ದಿವಸ, ಹೋಗಿ ಬೋಧಿಸಿ ಬರಲಿಕ್ಕೆ ಅರ್ಧ ದಿವಸ, ಒಟ್ಟು ಒಂದು ದಿವಸ ಹಿಡಿಯುವದು. ದಿನದ ಅಳತೆಗೆ ಅದೇ ಊರಿನ ಶಿಕ್ಷಕಿಯ ಸಂಬಳವನ್ನು ನೋಡಿರಿ. ತಿಂಗಳಿಗೆ ೧೫,೦೦೦ ರೂಪಾಯಿ, ೨೫ ದಿವಸದ ಕೆಲಸವೆಂದರೆ ದಿನಕ್ಕೆ ೬೦೦ ರೂಪಾಯಿ ಬೀಳುತ್ತದೆ. ರಿಕ್ಷಾಕ್ಕೆ ೧೨೦, ಪಾಠದ ಪ್ರತಿಗಳಿಗೆ ೮೦ ಕೂಡಿಸಿದರೆ ಒಟ್ಟು ೮೦೦ ರೂಪಾಯಿ. ನಾಲ್ವತ್ತು ಮಂದಿ ಹಂಚಿಕೊಂಡರೆ ತಲೆಗೆ ೨೦ ರೂಪಾಯಿ.

"ಈಗ ಹೆಂಗಸರಿಗೆ ಬಸ್ಸು ಪುಕ್ಕಟೆಯಷ್ಟೇ, ಮತ್ತೇನು ಕೊಡುವದು?" ಎಂದು ಒಬ್ಬರು ನನ್ನನ್ನು ಕೇಳಿದರು. ಕರ್ನಾಟಕದಲ್ಲಿ ೨೦೨೩ನೆಯ ಜೂನ್ ೧೧ರಿಂದ ಶಕ್ತಿ ಯೋಜನೆಯ ಪ್ರಕಾರ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಸ್ತ್ರೀಯರಿಗೆ ಟಿಕೀಟಿನ ಹಣವಿಲ್ಲದಿರುವದು ನಿಜ. ಆದರೆ ನಿಲ್ದಾಣದಲ್ಲಿ ಕಾಯುವ ಹೊತ್ತೂ, ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವರಿಗೆ ಕೊಡುವದೂ ಟಿಕೀಟಿನಲ್ಲಿ ಸೇರಿರುವದಿಲ್ಲ.

ಕೊಡುವವರು ಮೂರು ವಿಷಯಗಳನ್ನು ಮರೆಯಬಾರದು. ಕರೆಯುವಾಗಲೇ ಮೊತ್ತವನ್ನು ಪತ್ರದಲ್ಲಿ ತಿಳಿಸಬೇಕು. ಹಣವನ್ನು ಆಕೆಯ ಕೈಗೇ ಕೊಡಬೇಕು, ಗಂಡನ ಕೈಗೆ ಅಲ್ಲ. ಶಾಲನ್ನು ಹೊದಿಸುವದಾದರೆ ಹೊದಿಸಿರಿ. ಅದನ್ನು ಸಂಭಾವನೆಯ ಲೆಕ್ಕದಲ್ಲಿ ಹಿಡಿಯಬೇಡಿರಿ.

೪. ತೆಗೆದುಕೊಳ್ಳುವವಳ ಕರ್ತವ್ಯ

ಈಗ ಸೇವೆ ಮಾಡುವ ಸಹೋದರಿಗೆ ಎರಡು ಮಾತು. ಎಲೀಷನು ನಾಮಾನನಿಂದ ಏನೂ ತೆಗೆದುಕೊಳ್ಳಲಿಲ್ಲ. ಅವನ ಸೇವಕನಾದ ಗೇಹಜಿಯು ಹಿಂದಿನಿಂದ ಓಡಿಹೋಗಿ, ಸುಳ್ಳು ಹೇಳಿ, ಬೆಳ್ಳಿಯನ್ನೂ ಬಟ್ಟೆಗಳನ್ನೂ ಪಡೆದು ಕುಷ್ಠಕ್ಕೆ ಗುರಿಯಾದನು. ನಮ್ಮ ನಾಡಿನಲ್ಲಿಯೂ ಇಂಥ ಪಾಠವುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿವಸ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದು ಆಶೆಯ ಫಲವೆಂದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂದು ಹೇಳುತ್ತಾರೆ. ದುಡಿದು ಉಣ್ಣುವದರಲ್ಲಿ ಆಕೆಗೆ ನಾಚಿಕೆಯಿರಲಿಲ್ಲ. ಅಳತೆ ಮೀರಿದ್ದು ಮನೆಯೊಳಗೆ ಬರಬಾರದೆಂಬ ಎಚ್ಚರವಿತ್ತು.

ಆದದರಿಂದ ದೊಡ್ಡ ಪಟ್ಟಣದ ಸಮ್ಮೇಳನದವರಿಗೆ ಪೂರ್ತಿ ಮೊತ್ತವನ್ನು ಹೇಳಿರಿ. ಬಡ ಹಳ್ಳಿಯವರು ಕರೆದರೆ ಪ್ರಯಾಣದ ವೆಚ್ಚವಷ್ಟೇ ಸಾಕೆನ್ನಿರಿ. ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಸಾವಿನ ಮನೆಯಲ್ಲಿಯೂ ಏನನ್ನೂ ಕೇಳಬೇಡಿರಿ. ಪ್ರಾರ್ಥನೆಗೆ ಎಂದಿಗೂ ದರ ಕಟ್ಟಬೇಡಿರಿ. ಸಂದ ಹಣವನ್ನು ಒಂದು ವಹಿಯಲ್ಲಿ ಬರೆದಿಡಿರಿ; ಯಾರು ಕೇಳಿದರೂ ತೋರಿಸುವಂತಿರಲಿ.

ವಿಚಾರ ಮಾಡತಕ್ಕ ಪ್ರಶ್ನೆಗಳು

೧. ಕಳೆದ ವರ್ಷ ನಿಮ್ಮ ಕೂಟಕ್ಕೆ ಬಂದ ಸಹೋದರಿಯರಿಗೆ ಏನು ಕೊಟ್ಟಿರಿ? ಪುರುಷರಿಗೆ ಏನು ಕೊಟ್ಟಿರಿ?

೨. ಆ ಸಹೋದರಿಯು ಬರುವದಕ್ಕಾಗಿ ಏನನ್ನು ಬಿಟ್ಟು ಬಂದಳೆಂದು ಯಾರಾದರೂ ಕೇಳಿದ್ದುಂಟೋ?

೩. ನಿಮ್ಮ ಮಗಳೇ ಆ ಸ್ಥಾನದಲ್ಲಿದ್ದರೆ ಎಷ್ಟು ನ್ಯಾಯವೆನ್ನುವಿರಿ?

ಆ ವಿಧವೆಯ ಮನೆಗೆ ನಾನು ಕಡೆಗೆ ಹೋದೆನು. ಲಕೋಟೆಯನ್ನು ಮುಂದಿಟ್ಟು ತಪ್ಪನ್ನು ಒಪ್ಪಿಕೊಂಡೆನು. ಆಕೆ ಎಣಿಸಿ, ಎರಡು ದಿವಸದ ಹೊಲಿಗೆಯ ಹಣವನ್ನೂ ರಿಕ್ಷಾದ ಹಣವನ್ನೂ ಇಟ್ಟುಕೊಂಡು, ಉಳಿದದ್ದನ್ನು ನನ್ನ ಕೈಗೆ ಹಿಂದಕ್ಕೆ ಕೊಟ್ಟು, "ಇಷ್ಟು ನನ್ನದು, ಅಕ್ಕನವರೇ. ಮುಂದಿನ ಕೂಟ ಯಾವಾಗ?" ಎಂದು ಕೇಳಿದಳು.